ಬೇರಿಯಾಟ್ರಿಕ್ ಸರ್ಜರಿ ಆದ ಮೇಲೆ: ಗುಟುಕು ನೀರಿನಿಂದ ಲೋಕಲ್ ಟ್ರೇನಿನ ತನಕ

ತೂಕ ಇಳಿಸುವ ಸರ್ಜರಿ ಮಾಡಿಸಿಕೊಂಡು ಮನೆಗೆ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಗಂಜಿ ಯಾವಾಗ ಕುಡಿಯಬಹುದು? ಮೀನು ಯಾವಾಗ? ಡೊಂಬಿವಲಿಯಿಂದ ಲೋಕಲ್ ಹತ್ತಲು ಎಷ್ಟು ವಾರ ಕಾಯಬೇಕು? ಬಾಚಿದರೆ ಕೂದಲು ಗೊಂಚಲುಗೊಂಚಲಾಗಿ ಬರುತ್ತಿದೆ, ಇದು ನಿಲ್ಲುತ್ತದೆಯೇ? ಮುಂಬಯಿ, ಪುಣೆಯ ಆಸ್ಪತ್ರೆಗಳು ಕೊಡುವ ಡಯೆಟ್ ಚಾರ್ಟಿನಲ್ಲಿ ಸೂಪು, ದಲಿಯಾ ಇರುತ್ತದೆ. ನಮ್ಮ ಮನೆಯ ತಿಳಿಸಾರು, ಹುರುಳಿಕಟ್ಟು, ರಾಗಿ ಅಂಬಲಿ ಎಲ್ಲಿ ಸೇರುತ್ತವೆ ಎಂದು ಅದರಲ್ಲಿ ಬರೆದಿರುವುದಿಲ್ಲ. ಅದನ್ನೆಲ್ಲ ಇಲ್ಲಿ ಹಂತ ಹಂತವಾಗಿ ಬಿಡಿಸಿ ಹೇಳಿದ್ದೇವೆ.

ಮೊದಲೇ ಒಂದು ಮಾತು. ಆಹಾರದ ಬಗ್ಗೆ ಎಲ್ಲರೂ ಚಿಂತೆ ಮಾಡುತ್ತಾರೆ, ನೀರಿನ ಬಗ್ಗೆ ಬಹಳ ಮಂದಿ ಮಾಡುವುದಿಲ್ಲ. ಡಿಸ್ಚಾರ್ಜ್ ಆದವರು ಮತ್ತೆ ಆಸ್ಪತ್ರೆಗೆ ಓಡಬೇಕಾದ ಕಾರಣಗಳಲ್ಲಿ ತುಂಬ ಸಾಮಾನ್ಯವಾದದ್ದು ವಾಂತಿ ಮತ್ತು ದೇಹದ ನೀರು ಬತ್ತುವುದು. ಆದ್ದರಿಂದ ನೀರು ಮೊದಲು, ಆಮೇಲೆ ಪ್ರೋಟೀನ್, ಮಿಕ್ಕಿದ್ದೆಲ್ಲ ಆ ಮೇಲೆ. ಇಲ್ಲಿ ಹೇಳಿದ ವಾರಗಳಿಗೂ ನಿಮ್ಮ ಸರ್ಜನ್ ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಸರ್ಜನ್ ಮಾತೇ ನಡೆಯಬೇಕು. ನಿಮ್ಮ ಹೊಟ್ಟೆಯ ಒಳಗನ್ನು ನೋಡಿದವರು ಅವರು.

ನಿಮಗೆ ಆಗಿರುವುದು ಯಾವ ಆಪರೇಷನ್?

ಡಿಸ್ಚಾರ್ಜ್ ಸಮ್ಮರಿಯಲ್ಲಿ ನೋಡಿಕೊಳ್ಳಿ. 'ಸ್ಲೀವ್' ಎಂದಿದ್ದರೆ ಜಠರದ ಮುಕ್ಕಾಲು ಪಾಲು ಅಥವಾ ಅದಕ್ಕಿಂತ ತುಸು ಹೆಚ್ಚು ಕತ್ತರಿಸಿ ತೆಗೆದು, ಉದ್ದನೆಯ ಕೊಳವೆಯಷ್ಟು ಉಳಿಸಿದ್ದಾರೆ. ಅದರಲ್ಲಿ ಹಿಡಿಯುವುದು ಸುಮಾರು 100ರಿಂದ 150 ಎಂ.ಎಲ್. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದ ಆ ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಸಿವೇ ತಿಳಿಯುವುದಿಲ್ಲ. 'ಬೈಪಾಸ್' ಎಂದಿದ್ದರೆ ಜಠರದ ಮೇಲ್ತುದಿಯಲ್ಲಿ ಸುಮಾರು 30 ಎಂ.ಎಲ್.ನ ಚಿಕ್ಕ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಆರಂಭದ ಭಾಗ ಬಿಟ್ಟು ಮುಂದಿನ ಭಾಗಕ್ಕೆ ನೇರ ಜೋಡಿಸಿದ್ದಾರೆ. 'ಮಿನಿ ಬೈಪಾಸ್' ಆಗಿದ್ದರೆ ಚೀಲ ಇನ್ನಷ್ಟು ಉದ್ದ, ಜೋಡಣೆ ಒಂದೇ ಕಡೆ. ಬೈಪಾಸ್ ಆದವರಿಗೆ ಕಬ್ಬಿಣ, ಕ್ಯಾಲ್ಸಿಯಂ, ಬಿ12 ಕೊರತೆಯ ಅಪಾಯ ಹೆಚ್ಚು. ಸ್ಲೀವ್ ಆದವರಿಗೆ ಎದೆಯುರಿ ಹೆಚ್ಚು. ಮುಂದಿನ ಸಲಹೆಗಳಲ್ಲಿ ಈ ವ್ಯತ್ಯಾಸ ಬರುತ್ತಿರುತ್ತದೆ.

ಮನೆಯಲ್ಲಿ ಏನೇನು ತಂದಿಟ್ಟಿರಬೇಕು

ಅಡ್ಮಿಟ್ ಆಗುವ ಮೊದಲೇ ತಂದಿಡಿ: 30 ಎಂ.ಎಲ್. ಗುರುತಿರುವ ಔಷಧಿಯ ಕಪ್ಪು, 100 ಎಂ.ಎಲ್.ನ ಎರಡು ಸ್ಟೀಲ್ ಬಟ್ಟಲು, ಮಗುವಿನ ಚಮಚ, ಸಣ್ಣ ಕಣ್ಣಿನ ಜರಡಿ, ಮಾತ್ರೆ ಪುಡಿ ಮಾಡುವ ಸಾಧನ, ಥರ್ಮಾಮೀಟರ್, ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್. ಬಿಪಿ ಅಥವಾ ಶುಗರ್ ಇದ್ದವರ ಮನೆಯಲ್ಲಿ ಆ ಯಂತ್ರಗಳೂ ಇರಬೇಕು. ಆಸ್ಪತ್ರೆಯಿಂದ ಕೊಟ್ಟ ಮೂರು ಚೆಂಡಿನ ಉಸಿರಾಟದ ಯಂತ್ರವನ್ನೂ ಬಿಗಿ ಕಾಲುಚೀಲವನ್ನೂ ಮನೆಗೆ ತಂದು ಮೂಲೆಗೆ ಹಾಕಬೇಡಿ.

1. ಮೊದಲ 2 ವಾರ: ಕುಡಿಯುವುದೇ ಕೆಲಸ

ಗುರಿ ದಿನಕ್ಕೆ ಒಂದೂವರೆ ಲೀಟರ್. ಒಂದೇ ಸಲ ಲೋಟ ಎತ್ತಿ ಕುಡಿಯಲು ಆಗದು. 15 ನಿಮಿಷಕ್ಕೊಮ್ಮೆ 30 ಎಂ.ಎಲ್., ಅಂದರೆ ಗಂಟೆಗೆ 120. ಲೆಕ್ಕ ಹಾಕಿ: ಒಂದೂವರೆ ಲೀಟರ್ ಮುಗಿಯಲು ಹನ್ನೆರಡೂವರೆ ಗಂಟೆ ಬೇಕು. ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ರಾತ್ರಿ ಏಳೂವರೆ. ಮಧ್ಯಾಹ್ನ ಎರಡು ಗಂಟೆ ಮಲಗಿದರೆ ಆ ಹೊತ್ತಿನ 240 ಎಂ.ಎಲ್. ಆಮೇಲೆ ತುಂಬಿಸುವುದು ಕಷ್ಟ. ಫೋನಿನಲ್ಲಿ ಕಾಲು ಗಂಟೆಗೊಮ್ಮೆ ಅಲಾರಾಂ ಇಡಿ. ಬೆಳಿಗ್ಗೆಯೇ ಮೂರು ಅರ್ಧ ಲೀಟರ್ ಬಾಟಲಿ ತುಂಬಿಸಿಟ್ಟರೆ ಸಂಜೆ ಎಷ್ಟು ಉಳಿದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಮುಂಬಯಿಯ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಒಂದೂವರೆ ಲೀಟರ್ ಸಾಲದು, ಎರಡರ ಹತ್ತಿರ ಹೋಗಬೇಕು.

ಮೊದಲ ಒಂದೆರಡು ದಿನ ಆರಪಾರ ಕಾಣುವ ದ್ರವ ಮಾತ್ರ: ನೀರು, ಸೋಸಿದ ತಿಳಿಸಾರು (ಖಾರ, ಹುಳಿ ತೀರ ಕಡಿಮೆ), ಎಳನೀರು, ಸೋಸಿದ ತರಕಾರಿ ಅಥವಾ ಕೋಳಿಯ ರಸ. ಆಮೇಲೆ ಬೇಳೆಕಟ್ಟು, ಹುರುಳಿಕಟ್ಟು, ಬೆಣ್ಣೆ ತೆಗೆದ ನೀರುಮಜ್ಜಿಗೆ, ಕೆನೆ ತೆಗೆದ ಹಾಲು, ಜರಡಿಯಲ್ಲಿ ಸೋಸಿದ ತೆಳು ರಾಗಿ ಅಂಬಲಿ, ನೀರಿನಲ್ಲೋ ಮಜ್ಜಿಗೆಯಲ್ಲೋ ಕಲಸಿದ ಪ್ರೋಟೀನ್ ಪುಡಿ. ಗಂಜಿಯ ತಿಳಿ ಕುಡಿಯಬಹುದು, ಆದರೆ ಅದರಲ್ಲಿ ಪ್ರೋಟೀನ್ ಬಹುತೇಕ ಇಲ್ಲ. 'ಗಂಜಿ ಕುಡಿದೆ, ಹೊಟ್ಟೆ ತುಂಬಿತು' ಎಂದು ದಿನ ಕಳೆಯುವುದೇ ನಮ್ಮ ಮನೆಗಳಲ್ಲಿ ಆಗುವ ದೊಡ್ಡ ತಪ್ಪು. ಹಾಲು ಕುಡಿದು ಹೊಟ್ಟೆ ಉಬ್ಬರಿಸಿದರೆ, ಭೇದಿಯಾದರೆ, ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಕಡಿಮೆ ಇರುವ 'ವೇ ಐಸೊಲೇಟ್' ಪುಡಿ ಕೇಳಿ ತನ್ನಿ. ಕಿಡ್ನಿ ತೊಂದರೆ ಇದ್ದವರು ಪುಡಿ ಕೊಳ್ಳುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಕಬ್ಬಿನ ಹಾಲು, ಪೀಯೂಷ್, ಸಿಹಿ ಲಸ್ಸಿ, ಸೋಡಾ, ಸ್ಟ್ರಾ ಇವು ಬೇಡ. ಸಕ್ಕರೆ ಕರುಳಿಗೆ ನುಗ್ಗುತ್ತದೆ, ಗುಳ್ಳೆ ಮತ್ತು ಗಾಳಿ ಪುಟ್ಟ ಹೊಟ್ಟೆಯನ್ನು ಹಿಗ್ಗಿಸಿ ನೋಯಿಸುತ್ತವೆ.

ಮನೆಯೊಳಗೇ ಆದರೂ ಎಚ್ಚರ ಇರುವ ಹೊತ್ತಿನಲ್ಲಿ ಗಂಟೆಗೊಮ್ಮೆ ಐದು ನಿಮಿಷ ನಡೆಯಿರಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು ಈ ಸರ್ಜರಿಯ ನಂತರದ ಗಂಭೀರ ಅಪಾಯಗಳಲ್ಲೊಂದು. ನಡಿಗೆ, ಕಾಲುಚೀಲ, ಡಾಕ್ಟರ್ ಬರೆದಿದ್ದರೆ ಹೊಟ್ಟೆಯ ಚರ್ಮಕ್ಕೆ ಕೊಡುವ ರಕ್ತ ತೆಳುವಾಗಿಸುವ ಇಂಜೆಕ್ಷನ್, ಎಲ್ಲವೂ ಅದಕ್ಕಾಗಿಯೇ. ಇಂಜೆಕ್ಷನ್ ಕೋರ್ಸು ಅರ್ಧಕ್ಕೆ ಬಿಡಬೇಡಿ.

ಭುಜದ ನೋವನ್ನು ಕುರಿತು ತುಸು ವಿವರವಾಗಿ ಹೇಳಬೇಕು. ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಸರ್ಜರಿ) ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬುತ್ತಾರೆ. ಅದು ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆ) ಕೆಣಕುವುದರಿಂದ ಭುಜ ನೋಯುತ್ತದೆ. ನಡೆದಾಡಿದರೆ ಹಗುರಾಗುತ್ತದೆ, ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಕಡಿಮೆಯಾಗುವ ಬದಲು ಎಡಭುಜದ ನೋವು ಏರುತ್ತಿದ್ದು, ಜೊತೆಗೆ ಜ್ವರ ಅಥವಾ ಚಳಿ, ಕೂತಲ್ಲೇ ನಾಡಿ 120 ದಾಟುವುದು, ಏದುಸಿರು, ಹೊಟ್ಟೆ ಬಿಗಿತ ಕಂಡರೆ ಹೊಲಿಗೆಯ ಸಾಲಿನಿಂದ ಸೋರಿಕೆ ಆಗುತ್ತಿರಬಹುದು. ಇದಕ್ಕೆ ಬೆಳಗಾಗಲಿ ಎಂದು ಕಾಯಬಾರದು. ಪಕ್ಕದ ನರ್ಸಿಂಗ್ ಹೋಮಿಗೆ ಹೋಗಿ ಹೊತ್ತು ಕಳೆಯುವ ಬದಲು ಸರ್ಜರಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡುತ್ತಲೇ ಹೊರಡಿ. ದೂರವಿದ್ದರೆ 108ಕ್ಕೆ ಕರೆ ಮಾಡಿ. ಒಂದು ಮೀನಖಂಡ ಮಾತ್ರ ಊದಿ ನೋಯುವುದು, ಕಪ್ಪು ಮಲ, ಹನಿ ನೀರೂ ನಿಲ್ಲದ ವಾಂತಿ, ದಿನವಿಡೀ ಮೂತ್ರ ಬಾರದಿರುವುದು, ಇವಕ್ಕೂ ಅದೇ ಅವಸರ.

2. 3 ಮತ್ತು 4ನೇ ವಾರ: ನುಣ್ಣಗೆ ರುಬ್ಬಿದ್ದು

ಮಿಕ್ಸಿಯಲ್ಲಿ ಗಂಟಿಲ್ಲದ ಹಾಗೆ ರುಬ್ಬಿ. ಸಿಪ್ಪೆ ತೆಗೆದ ಹೆಸರುಬೇಳೆ, ರುಬ್ಬಿದ ಸೋರೆಕಾಯಿ ಅಥವಾ ಸಿಹಿಗುಂಬಳ, ನೀರು ಬಸಿದ ಗಟ್ಟಿ ಮೊಸರು (ಸಕ್ಕರೆ ಹಾಕುವ ಮೊದಲಿನ ಚಕ್ಕಾ), ಮೆತ್ತಗಿನ ಪನೀರು, ಬೇಯಿಸಿ ಕಿವುಚಿದ ಮೊಟ್ಟೆ. ಒಂದು ಊಟಕ್ಕೆ ಎರಡರಿಂದ ನಾಲ್ಕು ದೊಡ್ಡ ಚಮಚ ಸಾಕು, ದಿನಕ್ಕೆ ಐದಾರು ಸಲ.

ಇಲ್ಲಿಂದ ಎರಡು ನಿಯಮ ಶುರುವಾಗುತ್ತವೆ, ಅವು ಜೀವನಪೂರ್ತಿ. ಮೊದಲನೆಯದು, ಊಟದ ಜೊತೆ ನೀರಿಲ್ಲ. ಊಟ ಮುಗಿದು ಅರ್ಧ ಗಂಟೆ ಆಗಲಿ. ಜೊತೆಗೆ ಕುಡಿದರೆ ಜಾಗ ಸಾಲದೆ ವಾಂತಿಯಾಗುತ್ತದೆ ಅಥವಾ ಪ್ರೋಟೀನಿಗೆ ಜಾಗ ಉಳಿಯುವುದಿಲ್ಲ. ಎರಡನೆಯದು, ಪ್ರೋಟೀನ್ ಮೊದಲು. ತಟ್ಟೆಯಲ್ಲಿ ಮೊಟ್ಟೆಯೂ ಅನ್ನವೂ ಇದ್ದರೆ ಮೊಟ್ಟೆ ಮುಗಿದ ಮೇಲೆ ಅನ್ನ.

3. 5ರಿಂದ 8ನೇ ವಾರ: ಮೆತ್ತಗಿನ ಊಟ

ಕಾಣೆ, ಪಾಪ್ಲೆಟ್ ತರಹದ ಮೆತ್ತನೆಯ ಮೀನನ್ನು ಹಬೆಯಲ್ಲೋ ತೆಳು ಸಾರಿನಲ್ಲೋ ಬೇಯಿಸಿ ಮುಳ್ಳು ಬಿಡಿಸಿ ತಿನ್ನಬಹುದು. ಕೊಬ್ಬರಿ ಗಸಿ, ಹುರಿದ ಮಸಾಲೆ ಇನ್ನೂ ಬೇಡ. ಮೊಳಕೆ ಬರಿಸಿದ ಹೆಸರುಕಾಳನ್ನು ಮೆತ್ತಗೆ ಬೇಯಿಸಿ, ಖಾರದ ಎಣ್ಣೆ ಇಲ್ಲದೆ ಉಸಳಿ ಮಾಡಿಕೊಳ್ಳಿ. ಇಡ್ಲಿಯಾದರೆ ಅರ್ಧ, ಅದೂ ಸಾಂಬಾರಿನ ಬೇಳೆ ತಿಂದ ಮೇಲೆ.

ತುತ್ತು ಹೆಬ್ಬೆರಳಿನ ಉಗುರಿನಷ್ಟಿರಲಿ, 20–25 ಸಲ ಅಗಿಯಿರಿ, ಊಟಕ್ಕೆ 20ರಿಂದ 30 ನಿಮಿಷ ಕೊಡಿ. ಅರ್ಧ ಗಂಟೆಯಲ್ಲಿ ಮುಗಿಯದಿದ್ದರೆ ಅಲ್ಲಿಗೆ ಬಿಡಿ. ಹೊಟ್ಟೆ ತುಂಬಿದ್ದು ಮೊದಲಿನ ಹಾಗೆ ತಿಳಿಯುವುದಿಲ್ಲ. ಬಿಕ್ಕಳಿಕೆ, ಇದ್ದಕ್ಕಿದ್ದಂತೆ ಮೂಗು ಸೋರುವುದು, ಎದೆಯ ನಡುವೆ ಒತ್ತಿದ ಹಾಗಾಗುವುದು, ಇವೇ ಹೊಸ ಸೂಚನೆಗಳು. ಇದಾದ ಮೇಲೆ ಹಾಕಿಕೊಳ್ಳುವ ಒಂದು ತುತ್ತೇ ವಾಂತಿ ಮಾಡಿಸುತ್ತದೆ.

ಸಿಕ್ಕಿಹಾಕಿಕೊಳ್ಳುವ ಪದಾರ್ಥಗಳು ಗೊತ್ತಿರಲಿ: ಪಾವ್ ಮತ್ತು ಬ್ರೆಡ್ (ಒಳಗೆ ಹೋಗಿ ಮುದ್ದೆಯಾಗುತ್ತದೆ), ಜಿಗುಟು ಅನ್ನ, ಒಣಗಿದ ಕೋಳಿಯ ತುಂಡು, ನುಗ್ಗೆಕಾಯಿಯ ನಾರು, ಕಿತ್ತಳೆಯ ತೊಳೆಯ ಸಿಪ್ಪೆ, ಕೊಬ್ಬರಿ ಚೂರು. ಸಿಕ್ಕಿಕೊಂಡರೆ ಎದೆ ಒತ್ತುತ್ತದೆ, ಬಾಯಿತುಂಬ ನೊರೆ ಜೊಲ್ಲು ಬರುತ್ತದೆ. ನೀರು ಕುಡಿದು ತಳ್ಳಲು ಹೋಗಬೇಡಿ, ನೋವು ಹೆಚ್ಚಾಗುತ್ತದೆ. ಎದ್ದು ನಿಧಾನ ಓಡಾಡಿ, ಜೊಲ್ಲು ಉಗುಳಿ, ಕಾಯಿರಿ. ಕೆಲವು ಗಂಟೆ ಕಳೆದರೂ ಗುಟುಕು ನೀರು ಇಳಿಯದಿದ್ದರೆ ಡಾಕ್ಟರಿಗೆ ತಿಳಿಸಿ.

4. ಎರಡು ತಿಂಗಳ ನಂತರ: ಮನೆಯವರ ಜೊತೆ ಊಟ

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಅದು ಹೇಗೆ ಕೂಡುತ್ತದೆ ಎಂಬುದಕ್ಕೆ ಒಂದು ದಿನದ ಲೆಕ್ಕ: ಬೆಳಿಗ್ಗೆ ಒಂದು ಮೊಟ್ಟೆ 6 ಗ್ರಾಂ, ಒಂದು ಗಂಟೆ ಬಿಟ್ಟು 200 ಎಂ.ಎಲ್. ಕೆನೆ ತೆಗೆದ ಹಾಲು ಸುಮಾರು 6. ಹನ್ನೊಂದಕ್ಕೆ ಒಂದು ಸ್ಕೂಪ್ ವೇ ಪುಡಿ ಸುಮಾರು 24. ಮಧ್ಯಾಹ್ನ 60 ಗ್ರಾಂ ಮೀನು ಮತ್ತು ಅರ್ಧ ಬಟ್ಟಲು ಬೇಳೆ, ಸೇರಿ 15. ಸಂಜೆ 30 ಗ್ರಾಂ ಹುರಿಗಡಲೆ, ಪುಡಿ ಮಾಡಿ ಮಜ್ಜಿಗೆಯಲ್ಲಿ ಕಲಸಿದ್ದು, 6. ರಾತ್ರಿ 60 ಗ್ರಾಂ ಪನೀರು 11. ಒಟ್ಟು 68. ಮೀನು ಮೊಟ್ಟೆ ತಿನ್ನದ ಮನೆಗಳಲ್ಲಿ ಆ ಜಾಗವನ್ನು ಸೋಯಾ ಚಂಕ್ಸ್, ತೋಫು, ಗಟ್ಟಿ ಮೊಸರಿನಿಂದ ತುಂಬಿಸಬೇಕು. ಬರೀ ಬೇಳೆಸಾರಿನಿಂದ ಈ ಅಂಕಿ ಮುಟ್ಟಲು ಸಾಧ್ಯವಿಲ್ಲ, ಅಷ್ಟು ಸಾರು ಹಿಡಿಸುವ ಹೊಟ್ಟೆ ಈಗ ನಿಮಗಿಲ್ಲ.

ಸಿಹಿ ತಿಂದ 10–30 ನಿಮಿಷದಲ್ಲಿ ಎದೆ ಬಡಿತ, ಬೆವರು, ಹೊಟ್ಟೆ ನುಲಿತ, ಭೇದಿ ಬಂದರೆ ಅದಕ್ಕೆ ಡಂಪಿಂಗ್ ಎನ್ನುತ್ತಾರೆ. ಸಕ್ಕರೆ ಒಮ್ಮೆಲೇ ಸಣ್ಣ ಕರುಳಿಗೆ ಸುರಿದು, ಅದು ನೀರನ್ನು ಎಳೆದುಕೊಳ್ಳುವುದರಿಂದ ಹೀಗಾಗುತ್ತದೆ. ಬೈಪಾಸಿನಲ್ಲಿ ಹೆಚ್ಚು, ಸ್ಲೀವಿನಲ್ಲೂ ಇಲ್ಲದಿಲ್ಲ. ಒಂದರಿಂದ ಮೂರು ಗಂಟೆ ಕಳೆದು ನಡುಕ, ಕಣ್ಣುಕತ್ತಲೆ ಬಂದರೆ ರಕ್ತದ ಸಕ್ಕರೆ ಇಳಿದಿದೆ ಎಂದು ಅರ್ಥ. ಗ್ಲೂಕೋಮೀಟರಿನಲ್ಲಿ ನೋಡಿ ಬರೆದಿಟ್ಟು ಡಾಕ್ಟರಿಗೆ ತೋರಿಸಿ.

ಗಣೇಶ ಚತುರ್ಥಿಯ ಮೋದಕ, ಶ್ರಾವಣದ ಉಪವಾಸದ ಸಾಬುದಾನಾ ಖಿಚಡಿ, ಊರಿನವರ ಮದುವೆಯ ಬಾಳೆಎಲೆ, ಇವುಗಳಿಗೆ ಮೊದಲೇ ತಯಾರಾಗಿ. ಸಾಬುದಾನಾ ಪೂರ್ತಿ ಪಿಷ್ಟ, ಪ್ರೋಟೀನ್ ಇಲ್ಲವೇ ಇಲ್ಲ ಎನ್ನಬಹುದು. ನಿರ್ಜಲ ಉಪವಾಸ ಮೊದಲ ವರ್ಷ ಬೇಡವೇ ಬೇಡ. ಮದುವೆಗೆ ಮನೆಯಲ್ಲೇ ಪ್ರೋಟೀನ್ ತಿಂದು ಹೋಗಿ. ಬಡಿಸಲು ಬಂದ ಅತ್ತೆಯವರಿಗೋ ಮಾವನವರಿಗೋ 'ಡಾಕ್ಟರ್ ಬೇಡ ಅಂದಿದ್ದಾರೆ, ಪಾಯಸ ಒಂದು ಚಮಚ ಸಾಕು' ಎಂದರೆ ಸಾಕಾಗುತ್ತದೆ. ಸರ್ಜರಿಯ ಕಥೆಯನ್ನೆಲ್ಲ ಎಲೆಯ ಮುಂದೆ ಬಿಚ್ಚಿಡುವ ಅಗತ್ಯ ನಿಮಗಿಲ್ಲ.

5. ಮಾತ್ರೆಗಳು: ಬಿಡುವಂತಿಲ್ಲ, ಬೆರೆಸುವಂತಿಲ್ಲ

ಮಲ್ಟಿವಿಟಮಿನ್ ದಿನಕ್ಕೊಮ್ಮೆ ಅಥವಾ ಎರಡು ಸಲ, ಬರೆದುಕೊಟ್ಟ ಹಾಗೆ. ಕ್ಯಾಲ್ಸಿಯಂ ದಿನಕ್ಕೆ 1200–1500 ಮಿ.ಗ್ರಾಂ, ಒಂದು ಸಲಕ್ಕೆ 500–600ಕ್ಕಿಂತ ಹೆಚ್ಚು ಹೀರಿಕೆಯಾಗದು, ಆದ್ದರಿಂದ ಎರಡು ಮೂರು ಪಾಲು. ಸಿಟ್ರೇಟ್ ರೂಪದ್ದೇ ಕೇಳಿ. ಕಾರ್ಬೊನೇಟ್ ಕರಗಲು ಆಮ್ಲ ಬೇಕು, ನಿಮ್ಮ ಹೊಟ್ಟೆಯಲ್ಲಿ ಈಗ ಆಮ್ಲ ಕಡಿಮೆ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಮ್ಮಿಗೂ ಎರಡು ಗಂಟೆ ಅಂತರ, ಕಬ್ಬಿಣಕ್ಕೂ ಚಹಾ ಕಾಫಿಗೂ ಒಂದು ಗಂಟೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದಕ್ಕೂ ಕಬ್ಬಿಣ, ಕ್ಯಾಲ್ಸಿಯಂ ಎರಡಕ್ಕೂ ನಾಲ್ಕು ಗಂಟೆ ಬಿಡಬೇಕು. ಬಿ12ಗೆ ದಿನದ ಮಾತ್ರೆ ಅಥವಾ ತಿಂಗಳಿಗೊಂದು 1000 ಮೈಕ್ರೊಗ್ರಾಂ ಇಂಜೆಕ್ಷನ್. ಡಿ3 ಪ್ರಮಾಣ ರಕ್ತಪರೀಕ್ಷೆ ನೋಡಿ ನಿರ್ಧಾರವಾಗುತ್ತದೆ. ಪಿತ್ತಕೋಶ ಇನ್ನೂ ಇರುವವರಿಗೆ ಕಲ್ಲಾಗದಂತೆ ಅರ್ಸೊಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ತೂಕ ವೇಗವಾಗಿ ಇಳಿಯುವಾಗ ಪಿತ್ತಕಲ್ಲು ಆಗುವುದು ಹೆಚ್ಚು.

ಬಿ1, ಅಂದರೆ ಥಯಾಮಿನ್, ಬಗ್ಗೆ ಒತ್ತಿ ಹೇಳುತ್ತೇವೆ. ದಿನಗಟ್ಟಲೆ ವಾಂತಿ ನಿಲ್ಲದವರಲ್ಲಿ ಇದು ಬೇಗ ಖಾಲಿಯಾಗುತ್ತದೆ. ಎರಡೆರಡು ಕಾಣುವುದು, ನಡೆಯುವಾಗ ತೂರಾಡುವುದು, ಗೊಂದಲ, ಮರೆವು ಶುರುವಾದರೆ ತಡಮಾಡಬಾರದು, ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಸಲೈನ್ ಹಾಕಿಸಲು ಯಾವುದೇ ಆಸ್ಪತ್ರೆಗೆ ಹೋದರೂ 'ಬೇರಿಯಾಟ್ರಿಕ್ ಸರ್ಜರಿ ಆಗಿದೆ, ವಾಂತಿ ಇದೆ, ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ ಕೊಡಿ' ಎಂದು ಮನೆಯವರು ಹೇಳಬೇಕು. ಗ್ಲೂಕೋಸ್ ಒಂದೇ ಹೋದರೆ ಉಳಿದಿದ್ದ ಥಯಾಮಿನ್ನೂ ಸುಟ್ಟುಹೋಗುತ್ತದೆ.

ತಲೆನೋವು, ಸೊಂಟನೋವಿಗೆ ಮೆಡಿಕಲ್ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ತಂದು ನುಂಗಬೇಡಿ, ಬೈಪಾಸ್ ಆದವರಂತೂ ಎಂದಿಗೂ. ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಪ್ಯಾರಾಸಿಟಮಾಲ್ ಸಾಕು. ಬೀಡಿ ಸಿಗರೇಟಿನಿಂದಲೂ ಅದೇ ಹುಣ್ಣು. ಮಾತ್ರೆ ಪುಡಿ ಮಾಡುವ ಮೊದಲು ಹೆಸರಿನ ಕೊನೆಯಲ್ಲಿ 'ಎಸ್‌ಆರ್', 'ಎಕ್ಸ್‌ಆರ್' ಇದೆಯೇ ನೋಡಿ. ಅವು ನಿಧಾನ ಕರಗುವ ಮಾತ್ರೆಗಳು, ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ಮೈಗೆ ಹತ್ತುತ್ತದೆ.

ಶುಗರ್ ಇದ್ದವರಲ್ಲಿ ಮೊದಲ ವಾರದಲ್ಲೇ ಸಕ್ಕರೆ ಇಳಿಯಬಹುದು. ಹಳೆಯ ಪ್ರಮಾಣದ ಇನ್ಸುಲಿನ್, ಗ್ಲಿಮೆಪಿರೈಡ್ ಮುಂದುವರಿಸಿದರೆ ಅಪಾಯ. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳಿಂದ, ಊಟ ಇಷ್ಟು ಕಡಿಮೆ ಇರುವಾಗ, ರಕ್ತದಲ್ಲಿ ಕೀಟೋನ್ ಆಮ್ಲ ಏರುವ ಭಯವಿದೆ. ಬಿಪಿಯ ಮಾತ್ರೆಯೂ, ಅದರಲ್ಲೂ ಮೂತ್ರ ಹೆಚ್ಚಿಸುವಂಥದ್ದು, ಹಳೆಯ ಪ್ರಮಾಣದಲ್ಲಿ ಹೆಚ್ಚಾಗಿ ತಲೆ ತಿರುಗಬಹುದು. ಡಿಸ್ಚಾರ್ಜ್ ದಿನವೇ 'ಯಾವುದು ನಿಲ್ಲಿಸಬೇಕು, ಯಾವುದು ಅರ್ಧ' ಎಂದು ಬರೆಸಿಕೊಳ್ಳಿ.

6. ಕೆಲಸ, ಟ್ರೇನು, ಸ್ಕೂಟರು

ಮೇಜಿನ ಕೆಲಸದವರು, ಹೋಟೆಲಿನ ಗಲ್ಲಾದಲ್ಲಿ ಕೂರುವವರು ಎರಡು ಮೂರು ವಾರಕ್ಕೆ ಹೋಗಬಹುದು. ಅಡುಗೆಮನೆಯಲ್ಲಿ ನಿಂತು ಪಾತ್ರೆ ಎತ್ತಿಳಿಸುವವರು ಆರು ವಾರ ಕಾಯಬೇಕು. ಅಲ್ಲಿಯ ತನಕ 5 ಕಿಲೋಗಿಂತ ಭಾರ ಎತ್ತಬಾರದು: ತುಂಬಿದ ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಮೊಮ್ಮಗು ಎಲ್ಲವೂ ಇದರಲ್ಲಿ ಬರುತ್ತವೆ. ಲ್ಯಾಪರೋಸ್ಕೋಪಿಯ ರಂಧ್ರ ಚರ್ಮದ ಮೇಲೆ ಬೇಗ ಮಾಗುತ್ತದೆ, ಒಳಗಿನ ಸ್ನಾಯು ಮಾಗಲು ಹೊತ್ತು ಬೇಕು. ಒತ್ತಡ ಬಿದ್ದರೆ ಅಲ್ಲೇ ಹರ್ನಿಯಾ.

ಲೋಕಲ್ ಟ್ರೇನಿನಲ್ಲಿ ಸಮಸ್ಯೆ ಎರಡು. ಬೆಳಗಿನ ರಶ್ಶಿನಲ್ಲಿ ಹೊಟ್ಟೆಗೆ ಬೀಳುವ ಮೊಣಕೈ ಒಂದು. ಗಂಟೆಗಟ್ಟಲೆ ನೀರು ಕುಡಿಯದೆ ನಿಲ್ಲುವುದು ಇನ್ನೊಂದು. ಮೊದಲ ನಾಲ್ಕು ವಾರ ರಶ್ ಹೊತ್ತಿನ ಪ್ರಯಾಣ ಬೇಡ. ಆಮೇಲೂ ಕೆಲವು ವಾರ ಹನ್ನೊಂದರ ನಂತರದ ಗಾಡಿ, ಅಥವಾ ಶುರುವಾಗುವ ಸ್ಟೇಷನ್ನಿಂದ ಹತ್ತಿ ಕೂತು ಹೋಗುವ ಸ್ಲೋ ಗಾಡಿ. ಕೈಚೀಲವನ್ನು ಹೊಟ್ಟೆಯ ಮುಂದೆ ಅಡ್ಡ ಹಿಡಿಯಿರಿ, ಬಾಟಲಿ ಮೇಲಿನ ಜೇಬಿನಲ್ಲಿರಲಿ. ಪುಣೆಯಲ್ಲಿ ಸ್ಕೂಟರ್ ಓಡಿಸುವವರು ನೋವಿನ ಮಾತ್ರೆ ನಿಂತು, ಗಕ್ಕನೆ ಬ್ರೇಕ್ ಒತ್ತಿದರೂ ಹೊಟ್ಟೆ ನೋಯದು ಎನ್ನುವ ತನಕ, ಕನಿಷ್ಠ ಎರಡು ವಾರ, ಹಿಂದಿನ ಸೀಟಿನಲ್ಲೂ ಕೂರಬೇಡಿ. ಹೊಂಡ, ಹಂಪುಗಳ ಪೆಟ್ಟು ಹಿಂದೆ ಕೂತವರಿಗೇ ಹೆಚ್ಚು.

7. ಕೂದಲು, ಬಸಿರು, ಕುಡಿತ

ಮೂರನೇ ತಿಂಗಳ ಸುಮಾರಿಗೆ ಕೂದಲು ಉದುರಲು ಶುರುವಾಗಿ ಕೆಲವು ತಿಂಗಳು ನಡೆಯುತ್ತದೆ. ಸರ್ಜರಿಯ ಆಘಾತ ಮತ್ತು ವೇಗದ ತೂಕ ಇಳಿಕೆಯಿಂದ ಬಹಳಷ್ಟು ಕೂದಲು ಒಟ್ಟಿಗೆ ವಿಶ್ರಾಂತಿಯ ಹಂತಕ್ಕೆ ಹೋಗುವುದೇ ಕಾರಣ. ಬೇರು ಸಾಯುವುದಿಲ್ಲ, ಹೆಚ್ಚಿನವರಿಗೆ ವರ್ಷದೊಳಗೆ ಮತ್ತೆ ಬರುತ್ತದೆ. ಪ್ರೋಟೀನ್, ಕಬ್ಬಿಣ, ಜಿಂಕ್ ಸರಿ ಇವೆಯೇ ನೋಡಿ. ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಥೈರಾಯ್ಡ್ ರಕ್ತಪರೀಕ್ಷೆಯ ಮೊದಲು ಲ್ಯಾಬಿನವರಿಗೆ ಹೇಳಿ, ಅದು ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು.

ತೂಕ ಇಳಿದ ಹಾಗೆ ಮುಟ್ಟು ಸರಿಹೋಗಿ, ವರ್ಷಗಳಿಂದ ಆಗದ ಬಸಿರು ಅನಿರೀಕ್ಷಿತವಾಗಿ ನಿಲ್ಲಬಹುದು. 12ರಿಂದ 18 ತಿಂಗಳು ಮುಂದೂಡುವುದು ತಾಯಿಗೂ ಮಗುವಿಗೂ ಒಳ್ಳೆಯದು. ಬೈಪಾಸ್ ಆದವರು ಗರ್ಭನಿರೋಧಕ ಮಾತ್ರೆಯನ್ನೊಂದೇ ನೆಚ್ಚಬೇಡಿ, ಹೀರಿಕೆ ಸರಿಯಾಗದಿರಬಹುದು. ಕಾಪರ್-ಟಿ ತರಹದ ಉಪಾಯದ ಬಗ್ಗೆ ಸ್ತ್ರೀರೋಗ ತಜ್ಞರನ್ನು ಕೇಳಿ.

ಗೋವಾದಲ್ಲಿರುವ ಓದುಗರಿಗೆ ವಿಶೇಷವಾಗಿ: ಫೆನಿ ಇರಲಿ, ಬಿಯರ್ ಇರಲಿ, ಮೊದಲ ವರ್ಷ ದೂರವಿಡಿ. ಮದ್ಯ ಈಗ ನೇರ ರಕ್ತಕ್ಕೆ ಏರುತ್ತದೆ. ಒಂದೇ ಪೆಗ್ಗಿನಲ್ಲಿ ಸ್ಕೂಟರ್ ಓಡಿಸುವ ಸ್ಥಿತಿ ತಪ್ಪಿಹೋಗಬಹುದು, ನಶೆ ಇಳಿಯಲು ಹೊತ್ತೂ ಹೆಚ್ಚು. ಊಟದ ಆಸೆ ಹೋದ ಜಾಗದಲ್ಲಿ ಕುಡಿತ ಬಂದು ಕೂರುವುದು ಎರಡನೇ ವರ್ಷದಿಂದ ಕಾಣಿಸಿಕೊಳ್ಳುವ ನಿಜವಾದ ಅಪಾಯ. ಮನೆಯವರು ಇದನ್ನು ಗಮನಿಸಬೇಕು.

8. ತೂಕದ ಕಾಟ ಮತ್ತು ರಕ್ತಪರೀಕ್ಷೆ

ಮೂರರಿಂದ ಆರನೇ ವಾರದ ಮಧ್ಯೆ ತೂಕದ ಮುಳ್ಳು ಒಂದೆರಡು ವಾರ ಅಲ್ಲಾಡದೆ ನಿಲ್ಲುವುದುಂಟು. ಮೊದಲ ವಾರಗಳಲ್ಲಿ ಹೋದದ್ದರಲ್ಲಿ ಬಹುಪಾಲು ನೀರು ಮತ್ತು ಗ್ಲೈಕೊಜೆನ್ (ದೇಹ ಕೂಡಿಟ್ಟ ಸಕ್ಕರೆ), ದೇಹ ಅದನ್ನು ಸರಿದೂಗಿಸಿಕೊಳ್ಳುತ್ತಿರುತ್ತದೆ. ಹೆದರಿ ಊಟ ಬಿಟ್ಟರೆ ಹೋಗುವುದು ಸ್ನಾಯು. ದಿನಾ ತೂಗಬೇಡಿ, ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಸಾಕು. ಸೊಂಟದ ಸುತ್ತಳತೆಯನ್ನೂ ಬರೆದಿಡಿ.

ರಕ್ತಪರೀಕ್ಷೆ 3, 6, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ: ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿಟಿಎಚ್ (ಎಲುಬಿನಿಂದ ಕ್ಯಾಲ್ಸಿಯಂ ಕೀಳುವ ಹಾರ್ಮೋನು), ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್), ಲಿವರ್. ಶುಗರ್ ಇದ್ದವರಿಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ). ರಕ್ತದ ಕ್ಯಾಲ್ಸಿಯಂ ಸರಿಯಿದ್ದು ಪಿಟಿಎಚ್ ಏರಿದ್ದರೆ ನೆಮ್ಮದಿಪಡಬೇಡಿ, ಎಲುಬು ಸವೆಯುತ್ತಿರಬಹುದು. ಎಷ್ಟೋ ಆರೋಗ್ಯ ವಿಮೆ ಪಾಲಿಸಿಗಳಲ್ಲಿ ಡಿಸ್ಚಾರ್ಜ್ ನಂತರದ 60 ದಿನಗಳ ಔಷಧಿ, ಪರೀಕ್ಷೆಗಳ ಖರ್ಚು ಸೇರಿರುತ್ತದೆ. ನಿಮ್ಮದರಲ್ಲಿ ಎಷ್ಟು ದಿನ ಇದೆ ನೋಡಿ, ಡಾಕ್ಟರ್ ಚೀಟಿ ಮತ್ತು ಬಿಲ್ಲು ಜೋಡಿಸಿಡಿ.

ಊರಿಗೆ ಹೋಗುವುದಿದ್ದರೆ ಮೊದಲ ತಿಂಗಳು ರಾತ್ರಿ ಬಸ್ಸು, ಕೊಂಕಣ ರೈಲ್ವೆಯ ಉದ್ದ ಪ್ರಯಾಣ ಎರಡನ್ನೂ ಮುಂದೂಡಿ. ಆಮೇಲೆ ಹೊರಟಾಗ ಕೆಳಗಿನ ಬರ್ತು ತೆಗೆದುಕೊಂಡು, ಎಚ್ಚರ ಇರುವಷ್ಟು ಹೊತ್ತು ಗಂಟೆಗೊಮ್ಮೆ ಬೋಗಿಯೊಳಗೆ ನಡೆಯಿರಿ. ಡಿಸ್ಚಾರ್ಜ್ ಸಮ್ಮರಿಯ ಫೋಟೋ ಫೋನಿನಲ್ಲೂ ಜೊತೆಗೆ ಬರುವವರ ಫೋನಿನಲ್ಲೂ ಇರಲಿ. ಪ್ರೋಟೀನ್ ಪುಡಿಯನ್ನು ಒಂದೊಂದು ಹೊತ್ತಿನ ಅಳತೆಯಲ್ಲಿ ಸಣ್ಣ ಡಬ್ಬಿಗಳಿಗೆ ತುಂಬಿಸಿ, ಬೇಯಿಸಿದ ಎರಡು ಮೊಟ್ಟೆ ಅಥವಾ ಪನೀರು ಕಟ್ಟಿಕೊಳ್ಳಿ. ಸ್ಟೇಷನ್ನಿನ ವಡಾಪಾವ್‌ಗೆ ಕೈಹಾಕುವ ಹೊತ್ತಿಗೆ ಡಬ್ಬಿ ಕೈಗೆಟಕುವ ಹಾಗಿರಲಿ.